ನನ್ನ ಫ್ರೇಮಿಗೆ ಮಾತ್ರ ಕಟ್ಟಿದ ದಾರ

ಶಹಾಬಾದಿ ಕಲ್ಲು ಸಪಾಟಾಗಿರುತ್ತದೆ ಎಂದು ಎದೆ ತಟ್ಟಿ ಹೇಳುವವರು ಒಂದು ದಿನವೂ ಆ ಕಲ್ಲಿನ ನೆಲ ಒರೆಸಿದವರಲ್ಲ. ಚಿತ್ತಾಪುರದ ನಮ್ಮ ಮನೆಯ ತುಂಬ ಅದೇ ಕಲ್ಲು. ಪಡಸಾಲೆಯಿಂದ ಅಡಿಗೆಮನೆಯವರೆಗೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಮೊಣಕಾಲೂರಿ ಸಾಗುತ್ತಿದ್ದವಳು ನಾನು. ಯಾವ ಕಲ್ಲಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅವ್ವನಿಗೂ ನನಗೂ ಬಾಯಿಪಾಠ. ಒಲೆಯ ಮುಂದಿನ ಕಲ್ಲಿನ ಎಡ ಮೂಲೆ, ಹೊಸ್ತಿಲ ಪಕ್ಕದ ಕಲ್ಲಿನ ನಟ್ಟನಡುವೆ. ಕಣ್ಣಿಗೆ ಎಲ್ಲ ನುಣುಪು, ನೀರು ಸುರಿದರೆ ಗುಟ್ಟು ರಟ್ಟು. ಇಷ್ಟು ಸಣ್ಣ ಸಂಗತಿ ಗೊತ್ತಿಲ್ಲದ ಗಂಡಸರು ನನಗೆ ಮಾಡಿದ ಅನ್ಯಾಯವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅದನ್ನು ಮುಚ್ಚಿಟ್ಟು ದೊಡ್ಡವಳೆನಿಸಿಕೊಳ್ಳುವ ಆಸೆ ನನಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಶಾಲೆಗೆ ಹೋಗುವ ಮೊದಲು ನಮ್ಮ ಓಣಿಯ ಹನುಮಪ್ಪನ ಗುಡಿಯ ಪೂಜೆಯೂ ಅವರದೇ. ಊರಿನಿಂದ ಎರಡು ಹರದಾರಿ ದೂರದ ಒಂದು ಹಳ್ಳಿಯ ಖಾಸಗಿ ಶಾಲೆಯಲ್ಲಿ ನನಗೊಂದು ಕೆಲಸ ಸಿಗುವಂತಿತ್ತು. ಆದರೆ ಆ ಹಳ್ಳಿಗೆ ಬಸ್ಸು ಹೋಗುತ್ತಿದ್ದದ್ದು ಮಧ್ಯಾಹ್ನ. ಅಲ್ಲಿಯ ಹೆಡ್‌ಮಾಸ್ತರರು ಮೊದಲೇ ಹೇಳಿಬಿಟ್ಟಿದ್ದರು.

“ಜೂನ್‌ನಾಗ ಸಾಲಿ ಚಾಲೂ ಆಗೋದ್ರಾಗ ಹತ್ತು ಗಂಟೆಕ್ಕ ಬರೋ ವ್ಯವಸ್ಥಾ ಮಾಡ್ಕೊಳ್ರಿ ಬಾಯಾರ. ಇಲ್ಲಂದ್ರ ಇದೇ ಊರಾಗಿನ ಹುಡುಗ ಒಬ್ಬ ಕಾಯಾಕತ್ತಾನ.”

ಮನೆಯ ಹಿತ್ತಲಲ್ಲಿ ಅಪ್ಪನ ಹಳೇ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಗಾಲಿ, ಚೈನು, ಹ್ಯಾಂಡಲ್ಲು, ಸೀಟು ಎಲ್ಲ ನೆಟ್ಟಗಿದ್ದವು, ಫ್ರೇಮು ಮಾತ್ರ ಹ್ಯಾಂಡಲ್ಲಿನ ಕೆಳಗೆ ಮುರಿದಿತ್ತು. ಎರಡು ಸಲ ಬೆಸುಗೆ ಹಾಕಿಸಿದರೂ ಮತ್ತೆ ಮುರಿಯಿತು. ಅಂಥ ಹೊತ್ತಿನಲ್ಲಿ ತಹಸೀಲ ಕಚೇರಿಯ ಗೋಡೆಯ ಮೇಲೆ ಒಂದು ಕಾಗದ ಕಂಡೆ. ಶಹಾಬಾದಿನಲ್ಲಿ ಮೂರು ತಿಂಗಳ ತರಬೇತಿ. ಸೈಕಲ್ಲಿನ ಫ್ರೇಮು ಕಟ್ಟುವುದನ್ನು ಕಲಿಸುತ್ತಾರೆ. ಪರೀಕ್ಷೆಯಲ್ಲಿ ಪಾಸಾದ ಫ್ರೇಮನ್ನು ಕಟ್ಟಿದವರೇ ಮನೆಗೆ ಒಯ್ಯಬಹುದು. ಹೆಣ್ಣುಮಕ್ಕಳಿಗೂ ಎರಡು ಸೀಟು ಉಂಟು. ನನಗೆ ಬೇಕಾದದ್ದು ಅದೊಂದೇ. ಒಂದು ಫ್ರೇಮು, ಜೂನ್ ತಿಂಗಳ ಒಳಗೆ.

“ಬೆಂಕಿ ಕೆಲಸ ಅದವಾ ಅದು. ಅದೇ ಕಾಗದದಾಗ ಕೆಳಗ ಹೊಲಿಗಿ ಕ್ಲಾಸೂ ಅದ ಅಂತ ಬರದಾರ,” ಎಂದರು ಅಪ್ಪ.

“ಹೊಲಿಗಿ ಮಷೀನ್ ಮ್ಯಾಲ ಕೂತು ಸಾಲಿಗಿ ಹೋಗಲಿಕ್ಕ ಆಗ್ತದೇನಪ್ಪಾ?” ಎಂದೆ.

ಅಪ್ಪ ಬೇಡವೆನ್ನಲಿಲ್ಲ. ಗುಡಿಗೆ ಬರುವವರು ಮಾತ್ರ ಸುಮ್ಮನಿರಲಿಲ್ಲ. ಆಚಾರ್ರ ಮಗಳು ಗ್ಯಾಸಿನ ಬೆಂಕಿ ಹಿಡೀಲಿಕ್ಕೆ ಹೊಂಟಾಳಂತ, ನಾಳೆ ಹನುಮಪ್ಪಗ ಕಬ್ಬಿಣದ ಗದಾ ಮಾಡಿ ಕೊಡ್ತಾಳ ಎಂದು ತೀರ್ಥ ತೆಗೆದುಕೊಳ್ಳುತ್ತಲೇ ನಗುತ್ತಿದ್ದರು. ಆಡುವವರ ಬಾಯಿ ಕಟ್ಟಲು ನನಗೆ ಪುರುಸೊತ್ತು ಇರಲಿಲ್ಲ. ಬೆಳಗಿನ ಪ್ಯಾಸೆಂಜರ್ ಹಿಡಿದು ವಾಡಿಯಲ್ಲಿ ಇಳಿದು, ಅಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಹೋಗತೊಡಗಿದೆ.

ಹತ್ತೊಂಬತ್ತು ಜನರಿದ್ದೆವು. ಸೇಡಂ, ಚಿಂಚೋಳಿ, ವಾಡಿ ಕಡೆಯ ಹದಿನೇಳು ಹುಡುಗರು, ನಾನು ಮತ್ತು ಇನ್ನೊಬ್ಬ ಹೆಣ್ಣುಮಗಳು. ಆಕೆಯನ್ನು ಮೊದಲ ವಾರವೇ ಪುಸಲಾಯಿಸಿ ಪಕ್ಕದ ಕೋಣೆಯ ಹೊಲಿಗೆ ಕ್ಲಾಸಿಗೆ ಕಳಿಸಿದರು. ನನ್ನನ್ನೂ ಕಳಿಸಲು ನೋಡಿದರು, ನಾನು ಹೋಗಲಿಲ್ಲ. ಕಲಿಸುವವರು ಇಬ್ಬರು. ಒಬ್ಬರು ಡಿಪ್ಲೊಮಾ ಮಾಡಿದ ಸರ್, ಕೈಗೆ ಎಂದೂ ಮಸಿ ಹತ್ತಿಸಿಕೊಳ್ಳದವರು. ಇನ್ನೊಬ್ಬರು ವಯಸ್ಸಾದ ಉಸ್ತಾದರು, ನಿಜವಾಗಿ ಕೆಲಸ ಬಲ್ಲವರು. ಕಾಗದದ ಮೇಲೆ ಉಸ್ತಾದರು ಬರೀ ಸಹಾಯಕ.

ಮೊದಲ ಮೂರು ವಾರ ಸರ್ ನನ್ನ ಕೈಗೆ ಕೊಟ್ಟದ್ದು ಹಾಜರಿ ಪುಸ್ತಕ. ಮಾಸ್ತರರ ಮಗಳು, ಅಕ್ಷರ ದುಂಡಗೆ ಎಂಬ ಹೊಗಳಿಕೆ ಬೇರೆ. ಹುಡುಗರು ಫ್ರೇಮಿನ ಕಬ್ಬಿಣದ ನಳಿಗೆ ಕೊಯ್ಯುವಾಗ ನಾನು ಅವರ ಹೆಸರು ಬರೆಯಬೇಕು. ಒಂದು ದಿನವಂತೂ ಬಟ್ಟೆಯ ತುಂಡೊಂದನ್ನು ನನ್ನ ಮುಂದೆ ಹಿಡಿದು, “ಕಲ್ಲಿನ ಮ್ಯಾಲ ಧೂಳ ಕುಂತದ. ಜರಾ ಒರಸವಾ,” ಎಂದರು. ನನಗೆ ಎಲ್ಲಿತ್ತೋ ಸಿಟ್ಟು, “ನಾನು ಕಸಬು ಕಲೀಲಿಕ್ಕೆ ಬಂದೀನ್ರಿ ಸರ್, ಒರಸೋದು ಮನ್ಯಾಗ ಕಲತೇ ಬಂದೀನಿ,” ಎಂದು ಬಟ್ಟೆಯನ್ನು ಮುಟ್ಟಲಿಲ್ಲ. ಹಾಗೆ ಅಂದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅವತ್ತು ಒಂದೇ ಒಂದು ಸಲ ಆ ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿದ್ದರೆ, ಮುಂದಿನದೇನೂ ನಡೆಯುತ್ತಿರಲಿಲ್ಲ.

ಆ ಕಲ್ಲಿನ ವಿಷಯ ಹೇಳಬೇಕು. ಫ್ರೇಮಿನ ನಳಿಗೆಗಳನ್ನು ಜೋಡಿಸುವಾಗ ಅವೆಲ್ಲ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಲು ಪಕ್ಕಾ ಸಪಾಟಾದ ಕಬ್ಬಿಣದ ಮೇಜು ಬೇಕು. ಫ್ರೇಮನ್ನು ಎಡ ಮಗ್ಗುಲಾಗಿ ಅದರ ಮೇಲೆ ಮಲಗಿಸಿ, ಕೆಳಗೆ ಅಳತೆಯ ಕಬ್ಬಿಣದ ತುಂಡುಗಳನ್ನಿಟ್ಟು ಬೆಸುಗೆ ಹಾಕುತ್ತಾರೆ. ನಮಗೆ ಬರಬೇಕಾದ ಮೇಜು ಅರ್ಜಿಯಲ್ಲೇ ಉಳಿದಿತ್ತು. ಸರ್ ಅದಕ್ಕೊಂದು ಉಪಾಯ ಹುಡುಕಿದ್ದರು. ದೊಡ್ಡದೊಂದು ಪಾಲಿಶ್ ಮಾಡಿದ ಶಹಾಬಾದಿ ಕಲ್ಲು ತರಿಸಿ, ನಾಲ್ಕು ಇಟ್ಟಿಗೆ ಕಂಬದ ಮೇಲೆ ಕೂರಿಸಿದ್ದರು.

“ದುನಿಯಾಕ್ಕ ಹಾಸುಗಲ್ಲ ಕೊಡೋ ಊರು ನಮ್ದು. ನಮಗ್ಯಾಕ ಬೇಕು ಕಬ್ಬಿಣದ ಮೇಜು?” ಎಂದು ಮೊದಲ ದಿನ ಭಾಷಣವನ್ನೇ ಮಾಡಿದರು.

ಎಲ್ಲರೂ ತಲೆದೂಗಿದರು. ಖಣಿಯಲ್ಲಿ ದುಡಿಯುವವರ ಮಕ್ಕಳೂ ನಮ್ಮಲ್ಲಿದ್ದರು, ಅವರು ಇನ್ನೂ ಜೋರಾಗಿ ತಲೆದೂಗಿದರು. ಊರಿನ ಕಲ್ಲನ್ನು ಸಂಶಯದಿಂದ ನೋಡುವುದೆಂದರೆ ಊರಿನ ಮಾನ ಕಳೆದ ಹಾಗೆ. ಉಸ್ತಾದರೂ ಮಟ್ಟಗೋಲು ಇಟ್ಟು ನೋಡಲಿಲ್ಲ. ನಾನೂ ನೋಡಲಿಲ್ಲ, ದಿನಾ ನೆಲ ಒರೆಸುವ ನಾನು. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯ ವಾರ ಸರ್ ಮೀಟಿಂಗಿಗೆಂದು ಗುಲ್ಬರ್ಗಾಕ್ಕೆ ಹೋದ ದಿನ, ಉಸ್ತಾದರು ಹಾಜರಿ ಪುಸ್ತಕವನ್ನು ನನ್ನ ಕೈಯಿಂದ ಕಸಿದು ಕಪಾಟಿಗೆ ಹಾಕಿದರು. “ಬಾ ಬೇಟಿ, ಪೆನ್ ಹಿಡದು ಸೈಕಲ್ ಆಗಲ್ಲ,” ಎಂದರು. ಅವತ್ತಿನಿಂದ ನನ್ನ ಕಲಿಕೆ ಶುರುವಾಯಿತು. ನಳಿಗೆಯ ತುದಿಯನ್ನು ಇನ್ನೊಂದು ನಳಿಗೆಯ ಬೆನ್ನಿಗೆ ಸರಿಯಾಗಿ ಕೂರುವಂತೆ ಅರ್ಧಚಂದ್ರಾಕಾರವಾಗಿ ಅರದಿಂದ ಉಜ್ಜಬೇಕು. ಬೆಳಕಿಗೆ ಹಿಡಿದರೆ ಸಂದಿನಲ್ಲಿ ಬೆಳಕು ಕಾಣಬಾರದು. ಆಮೇಲೆ ಬಿಳಿಗಾರ ಸವರಬೇಕು. ಮಕ್ಕಳ ಬಾಯಿಹುಣ್ಣಿಗೆ ಅವ್ವ ಜೇನಿನಲ್ಲಿ ತೇಯ್ದು ಹಚ್ಚುತ್ತಿದ್ದ ಅದೇ ಬಿಳಿಗಾರ ಅಲ್ಲಿ ಡಬ್ಬಿಗಟ್ಟಲೆ ಇತ್ತು, ಉಸ್ತಾದರು ಅದಕ್ಕೆ ಸುಹಾಗಾ ಅನ್ನುತ್ತಿದ್ದರು.

“ಪಿತ್ತಾಳಿ ಕಡ್ಡಿಗಿ ಬೆಂಕಿ ಕೊಡಬ್ಯಾಡ. ಕಬ್ಬಿಣ ಕಾಯಿಸು. ಕಬ್ಬಿಣ ಕುಂಕುಮದ ಬಣ್ಣಕ್ಕ ಬಂತಂದ್ರ ಪಿತ್ತಾಳಿ ತಾನೇ ಕರಗಿ ಒಳಗ ಹೋಗ್ತದ,” ಎಂದು ಹೇಳಿಕೊಟ್ಟರು.

ಒಬ್ಬಟ್ಟಿನ ಬೆಲ್ಲದ ಹದ ನೋಡಿ ಬೆಳೆದವಳಿಗೆ ಕಬ್ಬಿಣದ ಹದ ತಿಳಿಯುವುದು ಅಷ್ಟೇನು ಕಷ್ಟವಾಗಲಿಲ್ಲ. ಎರಡು ಫ್ರೇಮು ಕೆಡಿಸಿದೆ, ಎಡ ಮುಂಗೈ ಸುಟ್ಟುಕೊಂಡೆ. ಮೂರನೆಯದರಲ್ಲಿ ಹಿತ್ತಾಳೆ ಸಂದಿಯ ಸುತ್ತ ಬಂಗಾರದ ದಾರದಂತೆ ಕೂತಿತು. ಉಸ್ತಾದರು ಅದರ ಮೇಲೆ ಬೆರಳಾಡಿಸಿ ನೋಡಿ ಎರಡು ಕಪ್ ಚಹಾ ತರಿಸಿದರು. ಒಂದು ನನಗೆ.

ಮೇ ತಿಂಗಳ ಕೊನೆಗೆ ಪರೀಕ್ಷೆ. ಜಿಲ್ಲಾ ಕಚೇರಿಯಿಂದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಹದಿನೆಂಟು ಫ್ರೇಮುಗಳನ್ನು ಗೋಡೆಗುಂಟ ಸಾಲಾಗಿ ನಿಲ್ಲಿಸಿದ್ದೆವು. ಸಾಹೇಬರು ಒಂದೊಂದನ್ನೂ ಬೆರಳ ಗಣ್ಣಿನಿಂದ ಟಕ್ ಎಂದು ಬಡಿದು, “ಪಾಸ್” ಎನ್ನುತ್ತಾ ನಡೆದರು. ಸರ್ ಪಟ್ಟಿಯಲ್ಲಿ ಗುರುತು ಹಾಕುತ್ತಾ ಹಿಂದೆ. ಹದಿನೇಳು ಸಲ ಟಕ್, ಹದಿನೇಳು ಸಲ ಪಾಸ್. ಕೊನೆಗಿದ್ದದ್ದು ನನ್ನದು.

“ಇದು ಯಾರದು?” ಎಂದರು.

“ನಂದ್ರಿ,” ಎಂದೆ.

ಸಾಹೇಬರು ನನ್ನನ್ನು ನೋಡಿದರು, ಫ್ರೇಮನ್ನು ನೋಡಿದರು. “ಹೆಣ್ಣುಮಗಳು ಮಾಡಿದ್ದಾ? ಹಂಗಿದ್ರ ಜರಾ ದಾರ ಹಾಕಿ ನೋಡ್ರಿ ಇದಕ್ಕ.”

ದಾರದ ಪರೀಕ್ಷೆ ಸುಳ್ಳು ಹೇಳುವುದಿಲ್ಲ. ಹಿಂದಿನ ಗಾಲಿ ಕೂರುವ ಒಂದು ಕಡೆಯಿಂದ ದಾರ ಎಳೆದು, ಮುಂದೆ ಹ್ಯಾಂಡಲ್ಲು ಕೂರುವ ನಳಿಗೆಯನ್ನು ಸುತ್ತಿಸಿ, ಹಿಂದಿನ ಇನ್ನೊಂದು ಕಡೆಗೆ ಕಟ್ಟುತ್ತಾರೆ. ನಡುವೆ ಸೀಟಿನ ನಳಿಗೆಯ ಎರಡೂ ಪಕ್ಕ ದಾರಕ್ಕೂ ನಳಿಗೆಗೂ ಇರುವ ಸಂದು ಸಮನಾಗಿರಬೇಕು. ನನ್ನ ಫ್ರೇಮಿನಲ್ಲಿ ಎಡಕ್ಕೆ ಒಂದು ಬೆರಳು ಸಲೀಸಾಗಿ ಹಿಡಿಯಿತು, ಬಲಕ್ಕೆ ಪೆನ್ಸಿಲ್ಲೂ ಹಿಡಿಯಲಿಲ್ಲ.

“ಸೊಟ್ಟ ಅದ,” ಎಂದರು ಸಾಹೇಬರು. ಹುಡುಗರು ಮುಸಿಮುಸಿ ನಕ್ಕರು. ಸರ್ ಕೆಂಪು ಪೆನ್ನು ತೆಗೆದು ನನ್ನ ಹೆಸರಿನ ಮುಂದೆ ನಪಾಸು ಎಂದು ಬರೆದರು. ಎಲ್ಲ ಮುಗಿದು ಅವರು ಊಟಕ್ಕೆ ಹೋದರು.

ನಾನು ಅಲ್ಲೇ ನಿಂತೆ. ಅಳು ಬರಲಿಲ್ಲ, ಕಿವಿ ಮಾತ್ರ ಸುಡುತ್ತಿತ್ತು. ಹತ್ತು ಗಂಟೆಯ ಶಾಲೆ, ಜೂನ್, ಹಿತ್ತಲಲ್ಲಿ ಕಾಯುತ್ತಿದ್ದ ಗಾಲಿಗಳು ಎಲ್ಲ ಒಟ್ಟಿಗೆ ನೆನಪಾದವು. ಉಸ್ತಾದರು ಬಂದು ಒಂದೊಂದೇ ಸಂದಿಯನ್ನು ಮುಟ್ಟಿ ನೋಡಿದರು.

“ಜೋಡಣಿ ಸಾಫ್ ಅದ. ಹಂಗಾದ್ರ ಸೊಟ್ಟ ಎಲ್ಲಿಂದ ಬಂತು?” ಎಂದು ತಮಗೆ ತಾವೇ ಕೇಳಿಕೊಂಡರು.

ನಾನು ಫ್ರೇಮನ್ನು ಎತ್ತಿ ಕಲ್ಲಿನ ಮೇಲೆ ಎಡ ಮಗ್ಗುಲಾಗಿ ಮಲಗಿಸಿದೆ, ಕೆಳಗೆ ಅಳತೆಯ ತುಂಡುಗಳನ್ನಿಟ್ಟೆ. ಎಲ್ಲ ಕಡೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಕಲ್ಲು ಸೀದಾ ಅನ್ನುತ್ತದೆ, ದಾರ ಸೊಟ್ಟ ಅನ್ನುತ್ತದೆ. ಇಬ್ಬರಲ್ಲಿ ಒಬ್ಬರು ಸುಳ್ಳು. ಆಗ ನನಗೆ ನಮ್ಮ ಒಲೆಯ ಮುಂದಿನ ಕಲ್ಲು ನೆನಪಾಯಿತು. ಫ್ರೇಮನ್ನು ಕೆಳಗಿಳಿಸಿ, ಮೂಲೆಯಲ್ಲಿದ್ದ ಕುಡಿಯುವ ನೀರಿನ ಕೊಡವನ್ನು ತಂದು ಕಲ್ಲಿನ ಮೇಲೆ ಸುರಿದೇಬಿಟ್ಟೆ.

ನೀರು ನಾಲ್ಕೂ ಕಡೆ ಅಂಚಿನಿಂದ ಇಳಿದು ಹೋಯಿತು. ಒಂದು ಕಡೆ ಮಾತ್ರ ತಾಟಿನಗಲ ನೀರು ಅಲ್ಲಾಡದೆ ನಿಂತಿತು. ಅದು ನಾವೆಲ್ಲ ಹ್ಯಾಂಡಲ್ಲಿನ ನಳಿಗೆ ಇಡುತ್ತಿದ್ದ ಜಾಗ. ಅಲ್ಲಿ ಕಲ್ಲು ತಗ್ಗಾಗಿತ್ತು. ಮೂರು ತಿಂಗಳು ಒಬ್ಬೊಬ್ಬರೂ ಅದೇ ತಗ್ಗಿನಲ್ಲಿ ನಳಿಗೆಯನ್ನಿಟ್ಟು, ಎಡಕ್ಕೆ ವಾಲಿಸಿ ಬೆಸುಗೆ ಹಾಕಿದ್ದೆವು.

ಉಸ್ತಾದರು ನೀರನ್ನು ನೋಡಿದರು, ದಾರ ಬಿಚ್ಚಿಕೊಂಡು ಗೋಡೆಯ ಕಡೆ ಹೋದರು. ಮೊದಲನೆಯ ಫ್ರೇಮಿಗೆ ಕಟ್ಟಿದರು. ಎಡಕ್ಕೆ ಬೆರಳು ಹಿಡಿಯಿತು, ಬಲಕ್ಕೆ ಪೆನ್ಸಿಲ್ಲು ಹಿಡಿಯಲಿಲ್ಲ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ.

ಸಾಹೇಬರೂ ಸರೂ ಊಟ ಮುಗಿಸಿ ಎಲೆಯಡಿಕೆ ಜಗಿಯುತ್ತಾ ಬಂದರು. ನಾನು ಬಾಗಿಲಲ್ಲೇ ಅಡ್ಡ ನಿಂತು ಹೇಳಿದೆ, “ಸರ್, ಕಲ್ಲೇ ಡೊಂಕ ಅದರಿ. ಎಲ್ಲಾ ಫ್ರೇಮಿಗೂ ದಾರ ಹಾಕಿ ನೋಡ್ರಿ.”

ಸರ್ ನಕ್ಕರು. “ಕುಣಿಲಿಕ್ಕ ಬಾರದಾಕಿ ನೆಲ ಡೊಂಕ ಅಂದ್ಲಂತ,” ಎಂದರು. ಗಾದೆ ಕೇಳಿ ಹುಡುಗರೂ ನಕ್ಕರು. ನಾನು ಬೆರಳು ಮಾಡಿ ಕಲ್ಲು ತೋರಿಸಿದೆ. ನೀರು ಇನ್ನೂ ಅಲ್ಲೇ ನಿಂತಿತ್ತು. ನಗು ಅರ್ಧಕ್ಕೇ ನಿಂತಿತು. ಚಿಂಚೋಳಿ ತಾಲೂಕಿನ ಕೊಡ್ಲಿಯಿಂದ ಬರುತ್ತಿದ್ದ ಹುಡುಗನೊಬ್ಬ, “ಖರೇ ಅದರಿ ಸಾಹೇಬ್ರ, ನಮ್ಮವೂ ಸೊಟ್ಟ ಅವ,” ಎಂದ. ಪಕ್ಕದವನು ಅವನ ಪಕ್ಕೆಗೆ ಮೊಣಕೈಯಿಂದ ತಿವಿದ. ಅವನು ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ.

ಸಾಹೇಬರು ಗಡಿಯಾರ ನೋಡಿಕೊಂಡರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಅಕ್ಷರ ಬಿಡದೆ ನೆನಪಿಟ್ಟಿದ್ದೇನೆ. “ಎಲ್ಲಾವ ಒಂದೇ ನಮೂನಿ ಸೊಟ್ಟ ಇದ್ರ, ಎಲ್ಲಾವ ಒಂದೇ ಅಳತಿ ಅವ ಅಂದಂಗಾತು. ಪಾಸ್ ಅಂದಿದ್ದು ಪಾಸ್.”

“ಹಂಗಾದ್ರ ನಂದೂ ಅದೇ ಅಳತಿ ಅದಲ್ರಿ?”

“ನಿಂದು ಪರೀಕ್ಷಾ ಆಗೇದವಾ. ಕೆಂಪಿಲೆ ಬರದಾಗೇದ. ಅವರದು ಪರೀಕ್ಷಾ ಆಗಿಲ್ಲ.”

ಪರೀಕ್ಷೆ ಆದವಳು ನಪಾಸು, ಪರೀಕ್ಷೆಯೇ ಆಗದವರು ಪಾಸು. ಇಂಥ ನ್ಯಾಯಕ್ಕೆ ಏನೆನ್ನಬೇಕು? ಜೀಪು ಧೂಳೆಬ್ಬಿಸಿ ಹೋಯಿತು. ಸರ್ ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು.

“ನೋಡವಾ, ನಿನ್ನ ಹೆಸರು ಹೊಲಿಗಿ ಕ್ಲಾಸಿನಾಗ ಹಚ್ಚತೀನಿ. ಒಂದು ಮಷೀನೇ ಸಿಗ್ತದ. ಬಿಟ್ಟಬಿಡು ಇದನ್ನ.”

“ನನ್ನ ಫ್ರೇಮಿಗಿ ಏನ್ ಮಾಡ್ತೀರಿ?”

“ನಪಾಸಾಗಿದ್ದು ಗುಜರಿಗಿ ಹೋಗ್ತದ.”

“ಗುಜರಿಗೇ ಹಾಕೋದಾದ್ರ ನಾನೇ ಹೊರಗ ಒಯ್ತೀನಿ ತಗೊಳ್ರಿ,” ಎಂದು ಫ್ರೇಮನ್ನು ಹೆಗಲಿಗೇರಿಸಿದೆ. ಹಿಂದಿನ ಗೇಟಿನ ಬಳಿ ತುಕ್ಕು ಹಿಡಿದ ಗುಜರಿಯ ರಾಶಿ ಇತ್ತು. ಅದನ್ನು ದಾಟಿದೆ, ಗೇಟನ್ನೂ ದಾಟಿದೆ. ಗುಜರಿ ಕದ್ದವಳೆಂದು ಯಾರು ಬೆನ್ನಟ್ಟಬೇಕು? ಉಸ್ತಾದರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೇಕೆಂದೇ ಏನೋ, ಬೆನ್ನು ತಿರುಗಿಸಿ ಒಳಗೆ ಹೋದರು.

ವಾಡಿಯಲ್ಲಿ ಗಾಡಿ ಬದಲಿಸುವಾಗ ಒಬ್ಬ ಮುದುಕ, ಕಿಟಕಿಯ ಜಾಳಿಗೆಯೇನವಾ ಎಂದು ಕೇಳಿದ. ಸೈಕಲ್ಲಿಂದು ಎಂದೆ. ಗಾಲಿ ಎಲ್ಲಿ ಎಂದ. ಗಾಲಿ ಮನೆಯಲ್ಲಿ ಕಾಯುತ್ತಿವೆ ಎಂದೆ. ಅವನು ಸರಿದು ಕೂತು ಫ್ರೇಮಿಗೂ ಜಾಗ ಮಾಡಿಕೊಟ್ಟ. ಇಡೀ ದಿನದಲ್ಲಿ ನನಗೆ ಸಿಕ್ಕ ಮರ್ಯಾದೆ ಅದೊಂದೇ.

ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಬೈಯುತ್ತಾರೆಂದುಕೊಂಡಿದ್ದೆ, ಮಷೀನು ಬಿಟ್ಟು ಬಂದದ್ದಕ್ಕೆ. ಅವರು ಬೈಯಲಿಲ್ಲ. ಮರುದಿನ ಬೆಳಿಗ್ಗೆ ನಾನು ಫ್ರೇಮಿನ ಹಿಂಭಾಗವನ್ನು ಹಿತ್ತಲ ಕಂಬಕ್ಕೆ ಹಗ್ಗದಿಂದ ಬಿಗಿದು, ಹ್ಯಾಂಡಲ್ಲಿನ ನಳಿಗೆಯೊಳಗೆ ಹಾರೆ ತೂರಿಸಿ ಎಳೆಯಲು ನೋಡುತ್ತಿದ್ದೆ. ಒಬ್ಬಳಿಂದ ಆಗುತ್ತಿರಲಿಲ್ಲ, ಎಳೆದರೆ ಹಗ್ಗವೇ ಸರಿಯುತ್ತಿತ್ತು. ಅಪ್ಪ ಗುಡಿಯಿಂದ ಬಂದವರು ಹಿತ್ತಲ ಬಾಗಿಲಲ್ಲಿ ನಿಂತರು.

“ತಡಿ, ಮಡಿ ಬಿಟ್ಟು ಬರ್ತೀನಿ,” ಎಂದರು. ಹಳೇ ಧೋತರ ಉಟ್ಟು ಬಂದು, “ಎಲ್ಲಿ ಹಿಡೀಲಿ ಹೇಳು,” ಎಂದರು.

ಅಪ್ಪ ಫ್ರೇಮನ್ನು ಕಂಬಕ್ಕೆ ಅವುಚಿ ಹಿಡಿದರು, ನಾನು ಹಾರೆಯನ್ನು ಬಲಕ್ಕೆ ಎಳೆದೆ. ಅವ್ವ ಸೂಜಿದಾರದ ಡಬ್ಬಿಯಿಂದ ದಪ್ಪ ದಾರ ತಂದು ಕಟ್ಟಿದಳು. ಇನ್ನೂ ಎಡ. ಮತ್ತೆ ಎಳೆದೆವು, ಈ ಸಲ ಬಲಕ್ಕೆ ಹೆಚ್ಚಾಯಿತು. ಹಾಗೇ ಹಿಂದಕ್ಕೆ ಮುಂದಕ್ಕೆ ಎಳೆಯುತ್ತಾ ಬಿಸಿಲೇರಿತು. ಕಡೆಗೆ ಅಪ್ಪ ಶಾಲೆಗೆ ಒಯ್ಯುವ ಪೆನ್ಸಿಲ್ಲು ಎರಡೂ ಕಡೆ ಒಂದೇ ಸಮ ಹಿಡಿಯಿತು. ಅಪ್ಪ ಬೆವರು ಒರೆಸಿಕೊಂಡು, “ಆ ಹದಿನೇಳು ಮಂದಿಗಿ ಹೇಳಬೇಕಲ್ಲಾ ಇದನ್ನ,” ಎಂದರು. ಅಪ್ಪ ಒಳ್ಳೆಯವರು. ನಾನು ಅಷ್ಟು ಒಳ್ಳೆಯವಳಲ್ಲ, ಹೇಳಲು ಹೋಗಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದ ದಿನ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಹೆಡ್‌ಮಾಸ್ತರರ ಮುಂದೆ ನಿಂತೆ. ಕೆಲಸ ನನ್ನದಾಯಿತು. ಕೆಲವು ತಿಂಗಳ ನಂತರ ಅಂಚೆಯಲ್ಲಿ ಒಂದು ಪ್ರಮಾಣಪತ್ರ ಬಂತು. ನಾನು ಹೊಲಿಗೆ ತರಬೇತಿಯನ್ನು ತೃಪ್ತಿಕರವಾಗಿ ಮುಗಿಸಿದ್ದೇನಂತೆ. ಹೆಣ್ಣುಮಕ್ಕಳ ಲೆಕ್ಕ ತುಂಬಲು ನನ್ನ ಹೆಸರು ಬೇಕಾಗಿತ್ತು, ನನ್ನ ಕೆಲಸ ಬೇಕಾಗಿರಲಿಲ್ಲ. ಆ ಪತ್ರದ ಬೆನ್ನ ಮೇಲೆ, ನಾನು ನಿಮ್ಮಲ್ಲಿ ಒಂದು ಗುಂಡಿಯನ್ನೂ ಹೊಲಿದಿಲ್ಲ, ನಿಮ್ಮ ಕಲ್ಲಿಗೆ ನೀರು ಹಾಕಿ ನೋಡಿ ಎಂದು ನನ್ನ ದುಂಡಗಿನ ಅಕ್ಷರದಲ್ಲಿ ಬರೆದು ವಾಪಸು ಕಳಿಸಿದೆ. ಉತ್ತರ ಬರಲಿಲ್ಲ.

ಎಷ್ಟೋ ವರ್ಷದ ಮೇಲೆ, ಸರಕಾರಿ ನೌಕರಿ ಸಿಕ್ಕು ಚಿಂಚೋಳಿ ಕಡೆಯ ಪ್ರೌಢಶಾಲೆಗೆ ಬಂದಾಗ, ಚಂದಾಪುರದ ಸಂತೆಯಲ್ಲಿ ಕೊಡ್ಲಿಯ ಆ ಹುಡುಗ ಸಿಕ್ಕಿದ. ಈಗ ಹುಡುಗನಲ್ಲ, ತಲೆ ನರೆಯತೊಡಗಿತ್ತು. ಅದೇ ಸೈಕಲ್ಲು ಹಿಡಿದು ನಿಂತಿದ್ದ.

“ಅಕ್ಕಾ, ಇವತ್ತಿಗೂ ಎಡಕ್ಕ ಎಳೀತದ ನೋಡ್ರಿ ಇದು. ಮೈ ಬಲಕ್ಕ ವಾಲಿಸಿ ಹೊಡೀತೀನಿ, ರೂಢಿ ಆಗ್ಯಾದ,” ಎಂದು ನಕ್ಕ. ಆಮೇಲೆ ದನಿ ಇಳಿಸಿ, “ಅವತ್ತ ನಾ ಸುಮ್ಮ ಆಗಬಾರದಿತ್ತು,” ಎಂದ.

ಹೌದು, ಆಗಬಾರದಿತ್ತು ಎಂದೆ. ಇರಲಿ ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಆದರೆ ಮುಂದಿನ ಭಾನುವಾರ ಹಾರೆ ತೆಗೆದುಕೊಂಡು ಬಾ ಎಂದು ಹೇಳಿ ಮನೆಯ ಗುರುತು ಕೊಟ್ಟೆ. ಬಂದ. ಅದನ್ನೂ ನೆಟ್ಟಗೆ ಮಾಡಿ ಕಳಿಸಿದೆ.

ಅದೇ ವರ್ಷ ನಮ್ಮ ಶಾಲೆಯ ಮಕ್ಕಳಿಗೆ ಹಂಚಲು ಸೈಕಲ್ಲುಗಳು ಬಂದವು. ಅಂಗಳದ ತುಂಬ ಗಂಡುಹುಡುಗರದೊಂದು ಸಾಲು, ಹುಡುಗಿಯರದೊಂದು ಸಾಲು ಮಾಡಿ ನಿಲ್ಲಿಸಿದರು. ಹೆಡ್‌ಮಾಸ್ತರರು ಕಾಗದ ನನ್ನ ಮುಂದೆ ಹಿಡಿದು, “ಒಂದನ್ನ ನೋಡಿ ಸಹಿ ಮಾಡ್ರಿ ಬಾಯಾರ, ಎಲ್ಲಾವ ಒಂದೇ ನಮೂನಿ ಅವ,” ಎಂದರು. ಅದೇ ಮಾತು. ನನ್ನ ಕಿವಿ ಮತ್ತೆ ಸುಡತೊಡಗಿತು.

ಚೀಲದಿಂದ ದಾರದ ಉಂಡೆ ತೆಗೆದೆ. ಗಂಡುಹುಡುಗರ ಸಾಲಿನಿಂದಲೇ ಶುರು ಮಾಡಿದೆ. ಒಂದೊಂದಕ್ಕೂ ಹಿಂದಿನಿಂದ ಮುಂದಕ್ಕೆ ದಾರ ಎಳೆದು ಕಟ್ಟುವುದು, ಎರಡೂ ಕಡೆ ಪೆನ್ಸಿಲ್ಲು ಹಿಡಿದು ನೋಡುವುದು, ಬಿಚ್ಚುವುದು. ಮಧ್ಯಾಹ್ನದ ಊಟ ತಣ್ಣಗಾಯಿತು. ಎರಡೂ ಸಾಲು ಮುಗಿಯುವಷ್ಟರಲ್ಲಿ ಶಾಲೆ ಬಿಡುವ ಗಂಟೆ ಹೊಡೆದಿತ್ತು. ಎಲ್ಲ ಸೈಕಲ್ಲೂ ನೆಟ್ಟಗಿದ್ದವು.

“ಎಲ್ಲಾವ ಸೀದಾನೇ ಅವಲ್ರೀ. ಒಂದನ್ನ ನೋಡಿದ್ರ ಸಾಕಿತ್ತು, ದಿನಾ ಪೂರಾ ಹಾಳಾತು,” ಎಂದರು ಹೆಡ್‌ಮಾಸ್ತರರು.

“ಒಂದನ್ನೇ ನೋಡಿದ್ರ ಏನಾಗ್ತದ ಅಂತ ನಂಗ ಗೊತ್ತದರಿ ಸರ್,” ಎಂದೆ. ದಾರವನ್ನು ಉಂಡೆ ಸುತ್ತಿ ಚೀಲಕ್ಕೆ ಹಾಕಿದ ಮೇಲೆ ಸಹಿ ಮಾಡಿದೆ.